ತಡವಾಗಿ ಬಂದ ಗೌರವ

ಒಬ್ಬನಿಗೆ ಅನ್ಯಾಯ ಮಾಡಿದವರು ಮುಂದೊಂದು ದಿನ ಅವನನ್ನು ಕರೆದು ಹಾರ ಹಾಕಿದರೆ ಲೆಕ್ಕ ಚುಕ್ತಾ ಆಗುತ್ತದೆಯೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದಿ.

1968ರ ಅಕ್ಟೋಬರ್ 16. ಮೆಕ್ಸಿಕೋ ನಗರದ ಒಲಿಂಪಿಕ್ಸ್. 200 ಮೀಟರ್ ಓಟದಲ್ಲಿ ಅಮೆರಿಕದ ಕಪ್ಪು ಜನಾಂಗದ ಟಾಮಿ ಸ್ಮಿತ್ 19.83 ಸೆಕೆಂಡುಗಳ ವಿಶ್ವದಾಖಲೆಯೊಂದಿಗೆ ಮೊದಲಿಗರಾದರು. ಅದೇ ದೇಶದ, ಅದೇ ಜನಾಂಗದ ಜಾನ್ ಕಾರ್ಲೋಸ್ ಮೂರನೆಯವರು. ಇಬ್ಬರ ನಡುವೆ ಎರಡನೆಯವರಾಗಿ ಬಂದವರು ಆಸ್ಟ್ರೇಲಿಯದ ಬಿಳಿಯ ಓಟಗಾರ ಪೀಟರ್ ನಾರ್ಮನ್. ಪದಕ ಸ್ವೀಕರಿಸಲು ಸ್ಮಿತ್ ಮತ್ತು ಕಾರ್ಲೋಸ್ ಬೂಟು ಕಳಚಿ, ಬರಿಯ ಕಪ್ಪು ಕಾಲುಚೀಲದಲ್ಲಿ ಬಂದರು. ತಮ್ಮ ಜನರ ಬಡತನವನ್ನು ಲೋಕ ನೋಡಲಿ ಎಂಬುದು ಅವರ ಉದ್ದೇಶ. ರಾಷ್ಟ್ರಗೀತೆ ಮೊಳಗಿದಾಗ ತಲೆ ತಗ್ಗಿಸಿ, ಕಪ್ಪು ಕೈಗವಸು ತೊಟ್ಟ ಮುಷ್ಟಿಯನ್ನು ಮೇಲೆತ್ತಿದರು. ನಾರ್ಮನ್ ಕೈ ಎತ್ತಲಿಲ್ಲ. ಆದರೆ ಆ ಇಬ್ಬರು ಎದೆಯ ಮೇಲೆ ಧರಿಸಿದ್ದ ಮಾನವ ಹಕ್ಕುಗಳ ಬಿಲ್ಲೆ ಅವರ ಎದೆಯ ಮೇಲೂ ಇತ್ತು. (ಮುಹಮ್ಮದ್ ಅಲಿಯವರಿಂದ 1967ರಲ್ಲಿ ಕಸಿದುಕೊಂಡ ಬಾಕ್ಸಿಂಗ್ ಪಟ್ಟವನ್ನು ಮರಳಿಸಬೇಕೆಂಬುದೂ ಆ ಬಿಲ್ಲೆಯ ಹಿಂದಿದ್ದ ಸಂಘಟನೆಯ ಬೇಡಿಕೆಗಳಲ್ಲಿ ಒಂದಾಗಿತ್ತು.)

ಸ್ಮಿತ್ ಮತ್ತು ಕಾರ್ಲೋಸರನ್ನು ತಂಡದಿಂದ ಅಮಾನತುಗೊಳಿಸಿ ಕ್ರೀಡಾಗ್ರಾಮದಿಂದ ಹೊರಗಟ್ಟಲಾಯಿತು. ಕ್ರೀಡೆಯಲ್ಲಿ ರಾಜಕೀಯ ಬೆರೆಸಿದರೆಂಬುದು ಆರೋಪ. ಅಂದು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಾಗಿದ್ದವರು ಏವರಿ ಬ್ರಂಡೇಜ್. 1936ರಲ್ಲಿ ಹಿಟ್ಲರನ ಬರ್ಲಿನ್ ಒಲಿಂಪಿಕ್ಸನ್ನು ಅಮೆರಿಕ ಬಹಿಷ್ಕರಿಸಬಾರದೆಂದು ಪಟ್ಟು ಹಿಡಿದವರೂ ಇವರೇ! ದುರ್ಬಲನು ದೂರು ಹೇಳಿದಾಗ ಮಾತ್ರ ಅದು ರಾಜಕೀಯವಾಗುತ್ತದೆಯೇ?

ಮುಂದೆ ಗೌರವಗಳು ಬಂದವು. 2005ರಲ್ಲಿ ಸ್ಮಿತ್ ಮತ್ತು ಕಾರ್ಲೋಸ್ ಓದಿದ ಸ್ಯಾನ್ ಹೋಸೆ ವಿಶ್ವವಿದ್ಯಾನಿಲಯದಲ್ಲಿ ಅವರ ಪ್ರತಿಮೆ ನಿಂತಿತು. 2019ರಲ್ಲಿ ಅಮೆರಿಕದ ಒಲಿಂಪಿಕ್ ಸಂಸ್ಥೆಯೇ, 51 ವರ್ಷಗಳ ಬಳಿಕ, ತನ್ನ ಗಣ್ಯರ ಸಾಲಿಗೆ ಅವರನ್ನು ಸೇರಿಸಿಕೊಂಡಿತು. ಸಂತೋಷದ ವಿಷಯ. ಆದರೆ ಸ್ವಲ್ಪ ಯೋಚಿಸಿ ನೋಡಿ. 'ನೀನು ಧೈರ್ಯಶಾಲಿ' ಎಂದು ಹೊಗಳುವವನು, ಆ ಧೈರ್ಯದ ಅಗತ್ಯವನ್ನು ತಂದಿಟ್ಟವರು ಯಾರೆಂದು ಹೇಳದೆಯೇ ಪಾರಾಗಬಹುದು. ಹಾರ ಹಾಕುವುದು ಸುಲಭ. 'ತಪ್ಪು ನಮ್ಮದು' ಎನ್ನುವಾಗ ನಾಲಗೆ ಏಳುವುದಿಲ್ಲ.

ನಾರ್ಮನ್‌ರ ವಿಷಯದಲ್ಲಿ ಆ ಮಾತನ್ನೂ ಹೇಳಲಾಯಿತು. ಅವರನ್ನು 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಕಳಿಸಿರಲಿಲ್ಲ. ಅದು ಶಿಕ್ಷೆಯಾಗಿರಲಿಲ್ಲವೆಂದು ಅಲ್ಲಿಯ ಒಲಿಂಪಿಕ್ ಸಮಿತಿಯ ವಾದ. ಅದೇನೇ ಇರಲಿ, ತಾಯ್ನಾಡಿಗೆ ಮರಳಿದಾಗ ಅವರನ್ನು ನಡೆಸಿಕೊಂಡ ರೀತಿಗಾಗಿ 2012ರಲ್ಲಿ ಆಸ್ಟ್ರೇಲಿಯದ ಪಾರ್ಲಿಮೆಂಟ್ ಕ್ಷಮೆ ಯಾಚಿಸಿತು. ಅಷ್ಟರಲ್ಲಿ ನಾರ್ಮನ್ ತೀರಿಕೊಂಡು ಆರು ವರ್ಷಗಳಾಗಿದ್ದವು. ಅವರ ವೃದ್ಧ ತಾಯಿ ಕುಳಿತು ಕೇಳಿದರು.

ಹಣದ ಸಾಲವಾದರೆ ವಾರಸುದಾರರಿಗೆ ಸಲ್ಲಿಸಬಹುದು. ಮನಸ್ಸು ನೋಯಿಸಿದ ಸಾಲವನ್ನು ಯಾರಿಗೆ ಸಲ್ಲಿಸೋಣ? ಕ್ಷಮಿಸುವ ಹಕ್ಕು ನೊಂದವನದು. ತಾಯಿಯಾದರೂ ಅವನ ಪರವಾಗಿ ಅದನ್ನು ಚಲಾಯಿಸಲಾರಳು. ಹಾಗೆಂದು ಸುಮ್ಮನಿದ್ದರೇ ಒಳ್ಳೆಯದಿತ್ತೆಂದು ನಾನು ಹೇಳುವುದಿಲ್ಲ. ಬದುಕಿರುವವರು ಕೇಳಿಸಿಕೊಳ್ಳುತ್ತಾರಲ್ಲ. ಆದರೆ ಅದನ್ನು ಸಾಲ ತೀರಿದ ರಸೀತಿ ಎನ್ನಬೇಡಿ.

ಸ್ಯಾನ್ ಹೋಸೆಯ ಪ್ರತಿಮೆಯಲ್ಲಿ ಎರಡನೆಯ ಸ್ಥಾನ ಖಾಲಿಯಿದೆ. ಬಂದವರು ಯಾರಾದರೂ ಅಲ್ಲಿ ನಿಲ್ಲಲಿ ಎಂಬುದು ನಾರ್ಮನ್‌ರ ಇಚ್ಛೆಯಾಗಿತ್ತು. 2006ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡಾಗ ಸ್ಮಿತ್ ಮತ್ತು ಕಾರ್ಲೋಸ್ ಅಮೆರಿಕದಿಂದ ಆಸ್ಟ್ರೇಲಿಯಕ್ಕೆ ಹೋಗಿ, ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟರು.