ಕೂಗದ ಹಸಿವು

ನನ್ನ ಮಗ ಬೆಂಗಳೂರಿನ ತನ್ನ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ. ಬೇಸಿಗೆ ರಜೆಯಲ್ಲಿ ಹೋದಾಗ ಅದರ ಗಾಜಿಗೆ ಅಂಗೈಯಗಲದ ನೀಲಿ ನಕ್ಷತ್ರಮೀನೊಂದು ಅಂಟಿಕೊಂಡಿತ್ತು. ಹೆಸರಿಗಷ್ಟೇ ಮೀನು. ಅದಕ್ಕೆ ಮೆದುಳಿಲ್ಲ, ರಕ್ತವಿಲ್ಲ. ಮೈಯೊಳಗಿನ ಕೊಳವೆಗಳಲ್ಲಿ ಸಮುದ್ರದ ನೀರೇ ಹರಿದಾಡುತ್ತದೆ. ತೋಳುಗಳ ಅಡಿಯಲ್ಲಿರುವ ನೂರಾರು ಪುಟ್ಟ ಕಾಲುಗಳು ಆ ನೀರಿನ ಒತ್ತಡದಿಂದಲೇ ಚಲಿಸುತ್ತವೆ.

ಹಾಗಾಗಿ ನೀರಿನ ಹದ ಥಟ್ಟನೆ ಬದಲಾದರೆ ಅದು ತಾಳದು. ಮಗ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವಂತೆ ಅಳೆದು, ಉಷ್ಣತೆಯನ್ನು 25 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲಿಸಿದ್ದ. ತಂದ ದಿನ ಅಂಗಡಿಯ ನೀರಿಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಮೂರು ಗಂಟೆ ಬೆರೆಸಿ, ಗಾಳಿಗೆ ಎತ್ತದೆ ನೀರಿನೊಳಗೇ ಜಾರಿಸಿ ಬಿಟ್ಟಿದ್ದನಂತೆ. ಜೊತೆಯ ಮೀನಿಗೆ ರೋಗ ಬಂದಾಗ ತೊಟ್ಟಿಗೆ ತಾಮ್ರದ ಔಷಧಿ ಹಾಕಲಿಲ್ಲ. ಮೀನಿಗೆ ಮದ್ದಾದದ್ದು ನಕ್ಷತ್ರಮೀನಿಗೆ ವಿಷ. ಬಾಣಂತಿಯನ್ನು ನೋಡಿಕೊಂಡ ಹಾಗೆ ನೋಡಿಕೊಂಡಿದ್ದ.

ಆದರೂ ದಸರೆಗೆ ಹೋಗುವಷ್ಟರಲ್ಲಿ ಅದರ ತೋಳುಗಳು ಸೊರಗಿದ್ದವು. ಒಂದರ ತುದಿ ಮೆತ್ತಗಾಗಿ ಕರಗತೊಡಗಿತ್ತು. ನಾಲ್ಕು ದಿನಕ್ಕೆ ಹೋಯಿತು.

ಸತ್ತದ್ದು ಹಸಿವಿನಿಂದ. ಈ ಜಾತಿಯದು ಹಳೆಯ ಕಲ್ಲುಗಳ ಮೇಲೆ ಕಟ್ಟುವ ಪಾಚಿ, ಸೂಕ್ಷ್ಮಜೀವಿಗಳ ತೆಳು ಪದರವನ್ನು ಮೇಯುತ್ತದೆ. ಹೊಸ ತೊಟ್ಟಿಯಲ್ಲಿ ಅದು ಸಾಕಷ್ಟು ಬೆಳೆದಿರಲಿಲ್ಲ. ಮೀನಿಗೆ ಹಾಕಿದ ಕಾಳನ್ನು ಇದು ಮುಟ್ಟಲಿಲ್ಲ. ತಿಂಗಳುಗಟ್ಟಲೆ ತನ್ನ ಮೈಯನ್ನೇ ಕರಗಿಸಿಕೊಂಡು ಬದುಕಿತ್ತು. ಅಷ್ಟು ದಿನವೂ ನಾವು "ಎಷ್ಟು ಚೆನ್ನಾಗಿದೆ!" ಎನ್ನುತ್ತಿದ್ದೆವು.

"ಮೆದುಳೇ ಇಲ್ಲದ್ದಕ್ಕೆ ನೋವೆಲ್ಲಿಂದ ಬರಬೇಕು, ಬಿಡೋ" ಎಂದು ನಮ್ಮವರು ಮಗನನ್ನು ಸಮಾಧಾನಪಡಿಸಿದರು. ನನಗೆ ಆ ಮಾತು ಹಿಡಿಸಲಿಲ್ಲ. ಅದಕ್ಕೆ ನೋವಾಯಿತೋ ಇಲ್ಲವೋ ಎಂದು ತೀರ್ಮಾನಿಸಿ ನಾವು ಹಗುರಾಗಬಹುದೇ? ಸಮುದ್ರದಲ್ಲಿದ್ದರೆ ತನ್ನ ಊಟ ತಾನು ಹುಡುಕಿಕೊಳ್ಳುತ್ತಿತ್ತು. ನಾಲ್ಕು ಗಾಜಿನ ನಡುವೆ ತಂದಿಟ್ಟವರು ನಾವು. ತಂದ ಮೇಲೆ ಅದರ ಹೊಟ್ಟೆಯ ಹೊಣೆಯೂ ನಮ್ಮದಲ್ಲವೇ? ಅದು ಅತ್ತು ಕೇಳಿದರೆ ಮಾತ್ರ ಹೊಣೆ ಹುಟ್ಟುತ್ತದೆಯೇ?

ಇದನ್ನು ಮಗನಿಗೆ ಹೇಳುವಾಗ ನನ್ನ ಕೆಲಸದ ಮೊದಲ ವರ್ಷಗಳು ನೆನಪಾದವು. ಶಾಲೆಗೆ ಬಿಸಿಯೂಟ ಬಾರದ ಕಾಲ. ಕೊನೆಯ ಬೆಂಚಿನಲ್ಲಿ ಒಬ್ಬಳು ಹುಡುಗಿ ಕೂರುತ್ತಿದ್ದಳು. ಗಲಾಟೆಯಿಲ್ಲ, ದೂರಿಲ್ಲ. ಅವಳ ಪ್ರಗತಿಪತ್ರದಲ್ಲಿ ನಾನು "ಶಾಂತ ಸ್ವಭಾವ" ಎಂದು ಮೆಚ್ಚಿ ಬರೆದಿದ್ದೆ. ಒಂದು ದಿನ ಪ್ರಾರ್ಥನೆಯಲ್ಲಿ ಕುಸಿದು ಬಿದ್ದಾಗ ತಿಳಿಯಿತು, ಅವಳು ಎಷ್ಟೋ ದಿನ ಬರಿ ಹೊಟ್ಟೆಯಲ್ಲೇ ಬರುತ್ತಿದ್ದಳು. ನಾನು ಕೇಳಿರಲಿಲ್ಲ. ತಂಟೆ ಮಾಡದವರನ್ನು ಕೇಳುವ ಅಭ್ಯಾಸ ನನಗಿರಲಿಲ್ಲ.

ನಮ್ಮ ಮನೆಗಳಲ್ಲೂ "ನನಗೇನೂ ಬೇಡಮ್ಮ" ಎನ್ನುವವರು ಇರುತ್ತಾರೆ. ಅವರ ಮಾತನ್ನು ನಂಬುವುದು ನಮಗೆ ಎಷ್ಟು ಅನುಕೂಲ!

ಮಗನ ತೊಟ್ಟಿ ಈಗಲೂ ಇದೆ. ಕಲ್ಲುಗಳಿಗೆ ಪಾಚಿ ಹಿಡಿಯುತ್ತಿದೆ. ಮೊನ್ನೆ ಅಂಗಡಿಯಲ್ಲಿ ಇನ್ನೊಂದು ನೀಲಿ ನಕ್ಷತ್ರಮೀನು ನೋಡಿದನಂತೆ. "ತರಲಿಲ್ಲಮ್ಮಾ," ಎಂದ ಫೋನಿನಲ್ಲಿ, "ಅದರ ಹೊಟ್ಟೆಗಾಗುವಷ್ಟು ನಮ್ಮಲ್ಲಿ ಇನ್ನೂ ಇಲ್ಲ."