ಹೇಳುವವನನ್ನು ನಂಬುವುದು ಹೇಗೆ?

ಶಿವರಾತ್ರಿಯ ಆಸುಪಾಸಿನಲ್ಲೇ ಕಥೋಲಿಕರ ತಪಸ್ಸುಕಾಲವೂ ಶುರುವಾಗುತ್ತದೆ. ಮೊದಲ ದಿನ ಬುಧವಾರ. ಹಿಂದಿನ ವರ್ಷದ ಗರಿಗಳ ಭಾನುವಾರದಂದು ಆಶೀರ್ವದಿಸಿದ ಗರಿಗಳನ್ನು ಸುಟ್ಟು, ಆ ಬೂದಿಯಿಂದ ಗುರುಗಳು ಒಬ್ಬೊಬ್ಬರ ಹಣೆಯ ಮೇಲೂ ಶಿಲುಬೆ ಎಳೆಯುತ್ತಾರೆ. ಹಾವೇರಿಯಂಥ ಊರಲ್ಲಿ ಹಣೆಯ ಮೇಲಿನ ಬೂದಿ ಯಾರಿಗೂ ಹೊಸದಲ್ಲ. ಪಕ್ಕದ ಮನೆಯವರು ಕೇಳಿದರೆ ಇಷ್ಟೇ ಕೇಳುತ್ತಾರೆ: ‘ಏನ್ರೀ, ನಿಮ್ಮಲ್ಲೂ ವಿಭೂತಿ ಐತೇನು?’

ಹೌದು ಅಂದು ಸುಮ್ಮನಾಗಬಹುದು. ಕನ್ನಡ ಕಥೋಲಿಕರು ಆ ದಿನವನ್ನು ವಿಭೂತಿ ಬುಧವಾರ ಎಂದು ಕರೆಯುವುದೂ ಉಂಟು. ಆದರೆ ಲಿಂಗಾಯತರಿಗೆ ವಿಭೂತಿ ಅಷ್ಟಾವರಣಗಳಲ್ಲಿ ಒಂದು, ದಿನನಿತ್ಯದ ರಕ್ಷೆ. ಕಥೋಲಿಕರಿಗೆ ಈ ಬೂದಿ ವರ್ಷಕ್ಕೊಮ್ಮೆ ಬರುವ ಸಾವಿನ ನೆನಪು, ಪಶ್ಚಾತ್ತಾಪದ ಗುರುತು. ಪದ ಒಂದೇ, ಅದು ಬಾಳುವ ಮನೆ ಎರಡು. ಪರಮಪ್ರಸಾದ ಎಂಬ ಪದದ್ದೂ ಇದೇ ಕಥೆ. ಪ್ರಸಾದವೆಂದರೆ ದೇವರಿಗೆ ಅರ್ಪಿಸಿ ಮರಳಿ ಪಡೆದದ್ದು ಎಂದು ಬಲ್ಲವರಿಗೆ, ಬಲಿಪೂಜೆಯ ರೊಟ್ಟಿ ಕ್ರಿಸ್ತನೇ ಆಗಿದ್ದಾನೆ ಎಂಬ ನಂಬಿಕೆಯನ್ನು ಆ ಪದವೊಂದೇ ಮುಟ್ಟಿಸಲಾರದು. ನೆರೆಯವರಿಂದ ಕಡ ತಂದ ಮಾತು ಬಾಗಿಲು ತೆರೆಯುತ್ತದೆ, ಒಳಗೇನಿದೆ ಎಂದು ಮತ್ತೆ ಕೂತು ಹೇಳಬೇಕಾಗುತ್ತದೆ.

ಹೇಳಿದ್ದನ್ನು ಇನ್ನೊಬ್ಬರು ಯಾಕೆ ನಂಬಬೇಕು? ತತ್ತ್ವದ ಪ್ರಶ್ನೆ ಇಲ್ಲಿಂದ ಏಳುತ್ತದೆ. ದೇವರಿದ್ದಾನೆ ಎಂಬುದನ್ನು ಬುದ್ಧಿಯಿಂದಲೇ ತಿಳಿಯಬಹುದು ಎಂದು 1870ರಲ್ಲಿ ಮೊದಲನೆಯ ವ್ಯಾಟಿಕನ್ ಮಹಾಸಭೆ ಸಾರಿತು. ಆದರೆ ಯೇಸು ಸತ್ತು ಎದ್ದುಬಂದನೆಂಬುದು ನಮ್ಮ ಪ್ರತ್ಯಕ್ಷಕ್ಕೂ ಸಿಗದು, ತರ್ಕಿಸಿ ತಿಳಿಯುವ ಅನುಮಾನಕ್ಕೂ ಸಿಗದು. ಕಂಡವರು ಹೇಳಬೇಕು. ನಮ್ಮ ನ್ಯಾಯದರ್ಶನ ಇದನ್ನೇ ಶಬ್ದಪ್ರಮಾಣ ಎನ್ನುತ್ತದೆ: ಆಪ್ತನ ಮಾತು ತಿಳಿವಿನ ಒಂದು ದಾರಿ. ಆಪ್ತ ಯಾರು? ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲಂತೆ ಹೇಳುವ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದ ಭಾಷ್ಯಕಾರ ವಾತ್ಸ್ಯಾಯನನ ಉದಾರತೆ ನನಗೆ ತುಂಬ ಇಷ್ಟ.

ಬ್ಯಾಡಗಿಯ ಮಾರುಕಟ್ಟೆಯಲ್ಲಿ ನಿಂತರೆ ಇದು ಸಲೀಸಾಗಿ ತಿಳಿಯುತ್ತದೆ. ಮೆಣಸಿನಕಾಯಿಯ ಕೆಂಪು ಕಣ್ಣಿಗೆ ಕಾಣುತ್ತದೆ. ಮುಷ್ಟಿಯಲ್ಲಿ ಹಿಡಿದು ಅದುಮಿದರೆ ಹಸಿಯೋ ಒಣಗಿದ್ದೋ ಗೊತ್ತಾಗುತ್ತದೆ. ಯಾವ ಹೊಲದ್ದು, ಯಾವ ಬೀಜದ್ದು ಎಂಬುದಕ್ಕೆ ಮಾತ್ರ ತಂದವನ ಮಾತೇ ಗತಿ. ಹಾಗಾಗಿ ಕೊಳ್ಳುವವನು ಕಾಯಿಯನ್ನೂ ನೋಡುತ್ತಾನೆ, ಮನುಷ್ಯನನ್ನೂ ನೋಡುತ್ತಾನೆ.

ಕಥೋಲಿಕರು ‘ಸಾಕ್ಷಿ’ ಎನ್ನುವುದು ಈ ಅರ್ಥದಲ್ಲಿ. ವೇದಾಂತದ ಸಾಕ್ಷಿ ಬರೀ ನೋಡುವ ಚೈತನ್ಯ, ಯಾವುದರಲ್ಲೂ ತೊಡಗದು. ಕಥೋಲಿಕರ ಸಾಕ್ಷಿ ಕೋರ್ಟಿನ ಕಟಕಟೆಯವನಂತೆ ಬಾಯಿಬಿಟ್ಟು ಹೇಳಬೇಕು, ಹೇಳಿದ್ದಕ್ಕೆ ಬೆಲೆ ತೆರಬೇಕು. ಗ್ರೀಕಿನಲ್ಲಿ ಸಾಕ್ಷಿಗಿದ್ದ ಪದವೇ ಮುಂದೆ ಹುತಾತ್ಮನಿಗೂ ಸಂದಿತು. ಆದರೆ ಇಂದಿನ ಹಾವೇರಿಯ ವಿಶ್ವಾಸಿ ಪುನರುತ್ಥಾನವನ್ನು ಕಂಡವನಲ್ಲವಲ್ಲ! ಈ ಆಕ್ಷೇಪ ನ್ಯಾಯವಾದದ್ದೇ. ಕಂಡವರ ಮಾತು ಯೇಸು ಕಳಿಸಿದ ಪ್ರೇಷಿತರಿಂದ ಧರ್ಮಾಧ್ಯಕ್ಷರ ಪರಂಪರೆಯಲ್ಲಿ ಕೈಯಿಂದ ಕೈಗೆ ಬಂದಿದೆ ಎಂಬುದು ಕಥೋಲಿಕರ ಉತ್ತರ. ಆ ಮಾತು ತನ್ನ ಬದುಕನ್ನು ಏನು ಮಾಡಿತು ಎಂಬುದಕ್ಕೆ ಮಾತ್ರ ಆತನೇ ಪ್ರತ್ಯಕ್ಷ ಸಾಕ್ಷಿ. ಇಂದಿನ ಜನ ಬೋಧಕರಿಗಿಂತ ಸಾಕ್ಷಿಗಳಿಗೆ ಹೆಚ್ಚು ಕಿವಿಗೊಡುತ್ತಾರೆ ಎಂದು 1975ರಲ್ಲಿ ಪೋಪ್ ಆರನೆಯ ಪೌಲ್ ಬರೆದದ್ದರ ತಿರುಳು ಇದೇ. ಸದ್ವರ್ತನೆ ಇಲ್ಲಿ ಪ್ರಚಾರದ ಅಲಂಕಾರವಲ್ಲ, ಪ್ರಮಾಣದ ಒಂದು ಭಾಗ. ಈ ಪರೀಕ್ಷೆ ಈ ಸೀಮೆಗೆ ಹಳೆಯದು: ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದೊಂದಿಗೆ ಹೆಸರು ಬೆಸೆದ ಅಂಬಿಗರ ಚೌಡಯ್ಯ, ನುಡಿ ಒಂದು ನಡೆ ಒಂದಾದವರನ್ನು ಎಷ್ಟು ದೊಡ್ಡವರಾದರೂ ಬಿಟ್ಟವನಲ್ಲ.

ನಂಬಿಕೆಯನ್ನು ದಾಟಿಸಲು ಬೇರೆ ದಾರಿಗಳನ್ನೂ ಜನ ಹಿಡಿದಿದ್ದಾರೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಂಥ ಕಟ್ಟಿ, ತಲೆ ಕತ್ತರಿಸಿಕೊಂಡು ಮರಳಿ ಪಡೆದು ಗೆದ್ದನೆಂದು ಇದೇ ಜಿಲ್ಲೆಯ ಅಬ್ಬಲೂರಿನ ಶಾಸನ ಹೇಳುತ್ತದೆ. ಪವಾಡವೇ ಅಲ್ಲಿ ಪ್ರಮಾಣ. ಕಥೋಲಿಕರ ಚರಿತ್ರೆಯಲ್ಲಿ ಬಲವಂತವೂ ಇದೆ. 1560ರಲ್ಲಿ ಗೋವೆಯಲ್ಲಿ ಶುರುವಾದ ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣೆಯ ನೋವನ್ನು ಮುಚ್ಚಿಟ್ಟು ಈ ವಿಷಯ ಮಾತಾಡಬಾರದು. ಹೆದರಿಸಿ ಹೇಳುವವನು ಆಪ್ತನಾಗುವುದು ಹೇಗೆ? ವಿಶ್ವಾಸದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಕೂಡದು ಎಂದು 1965ರ ಡಿಸೆಂಬರಿನಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಸ್ಪಷ್ಟವಾಗಿ ಘೋಷಿಸಿತು. ನಮ್ಮ ಸಂವಿಧಾನದ 25ನೆಯ ವಿಧಿ ಧರ್ಮಪ್ರಚಾರದ ಹಕ್ಕು ಕೊಡುತ್ತದೆ. ಅದು ತತ್ತ್ವಗಳನ್ನು ವಿವರಿಸುವ ಹಕ್ಕೇ ಹೊರತು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸಂತ ಪೇತ್ರರ ಮೊದಲ ಪತ್ರ ವಿಶ್ವಾಸಿಗಳಿಗೆ ಹೇಳುವುದು, ನಿಮ್ಮ ಭರವಸೆಗೆ ಕಾರಣವೇನೆಂದು ಕೇಳಿದವರಿಗೆ ವಿನಯದಿಂದ ಉತ್ತರ ಕೊಡಲು ಸಿದ್ಧರಿರಿ ಎಂದು. ಕೇಳಿದವರಿಗೆ ಎಂಬುದನ್ನು ಗಮನಿಸಬೇಕು. ಪ್ರಶ್ನೆ ಮೊದಲು ಬರಬೇಕು, ಅದು ಎದ್ದೇಳುವಂತೆ ಬದುಕಿರಬೇಕು. ಆ ಬುಧವಾರ ಪಕ್ಕದ ಮನೆಯವರು ಕೇಳಿದಾಗ ‘ಒಂದಿನ ಮಣ್ಣಿಗೆ ಹೋಗೋದೈತಲ್ರೀ, ಅದು ನೆನಪಿರ್ಲಿ ಅಂತ ಹಚ್ಚತಾರ’ ಎಂದರೆ, ‘ಹೌದಲ್ರೀ’ ಎಂದು ಅವರು ಅಲ್ಲೇ ಕಟ್ಟೆಯ ಮೇಲೆ ಕೂರುತ್ತಾರೆ. ಮುಂದಿನ ಪ್ರಶ್ನೆ ಅವರದೇ.