ವಿಷ ಮಾಡುವ ಜೀವಿಯ ಎಚ್ಚರ

ಠಾಣೆ ಪೂರ್ವದ ಕೋಪರಿಯಲ್ಲಾಗಲಿ ನಮ್ಮೂರಲ್ಲಾಗಲಿ, ಮನೆಯ ಔಷಧಿ ಡಬ್ಬಿಯಲ್ಲಿ ಅಜಿಥ್ರೊಮೈಸಿನ್ ಸ್ಟ್ರಿಪ್ ಒಂದು ಬಿದ್ದಿರುವುದು ಅಪರೂಪವಲ್ಲ. ಅದರ ಮೇಲೊಂದು ಕೆಂಪು ಗೆರೆ, ಒಳಗೆ ಒಂದೆರಡು ಮಾತ್ರೆ ಬಾಕಿ. ಅದರ ಮೂಲ ಎರಿಥ್ರೊಮೈಸಿನ್, ಮಣ್ಣಿನ ಬ್ಯಾಕ್ಟೀರಿಯಾವೊಂದು ತಯಾರಿಸುವ ವಿಷ. ಅದು ಬೇರೆ ಬ್ಯಾಕ್ಟೀರಿಯಾಗಳ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುತ್ತದೆ. ಅಂಥದೇ ರೈಬೋಸೋಮ್ ಇರುವ ತಯಾರಕ ಜೀವಿ ಸಾಯುವುದಿಲ್ಲವೇಕೆ? ವಿಷ ಬಂದು ಕೂರುವ ಜಾಗದ ಒಂದೇ ಒಂದು ಅಡೆನಿನ್‌ಗೆ ಅದು ಎರಡು ಮೀಥೈಲ್ ಗುಂಪುಗಳನ್ನು ಜೋಡಿಸಿಕೊಂಡಿರುತ್ತದೆ. ಅಷ್ಟಾದರೆ ವಿಷಕ್ಕೆ ಅಲ್ಲಿ ಎಡೆಯಿಲ್ಲ. ಈ ರಕ್ಷಣೆಯ ಜೀನ್ ಇರುವುದು ವಿಷದ ಜೀನ್‌ಗಳ ಜೊತೆಯಲ್ಲೇ.

ಎಲ್ಲ ತಯಾರಕರಿಗೂ ಈ ಪಾಡಿಲ್ಲ. 1954ರಲ್ಲಿ ಪುಣೆ ಬಳಿಯ ಪಿಂಪ್ರಿಯಲ್ಲಿ ಶುರುವಾದ ಹಿಂದೂಸ್ತಾನ್ ಆ್ಯಂಟಿಬಯೊಟಿಕ್ಸ್‌ನಲ್ಲಿ ನಮ್ಮ ನಾಡಿನ ಎಂ.ಜೆ. ತಿರುಮಲಾಚಾರ್ ಮತ್ತು ಸಂಗಡಿಗರು ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಕಂಡುಹಿಡಿದರು. ಅದನ್ನು ಮಾಡುವ ಬ್ಯಾಕ್ಟೀರಿಯಾಕ್ಕೆ ಊರಿನ ಹೆಸರೇ ಬಂತು: ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ಹ್ಯಾಮೈಸಿನ್ ಹಿಡಿಯುವುದು ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲನ್ನು. ಪಿಂಪ್ರಿನಾದ ಪೊರೆಯಲ್ಲಿ ಅದಿಲ್ಲ, ಹಾಗಾಗಿ ಅದಕ್ಕೆ ಭಯವೂ ಇಲ್ಲ. ಅದೇ ಕಾರ್ಖಾನೆಯಲ್ಲಿ ತಯಾರಾದ ಸ್ಟ್ರೆಪ್ಟೊಮೈಸಿನ್‌ನ ಕಥೆ ಬೇರೆ. ಅದನ್ನು ಮಾಡುವ ಗ್ರೀಸಿಯಸ್ ಎಂಬ ಬ್ಯಾಕ್ಟೀರಿಯಾ, ವಿಷ ತನ್ನೊಳಗಿರುವಷ್ಟು ಹೊತ್ತೂ ಅದಕ್ಕೆ ಫಾಸ್ಫೇಟ್ ಅಂಟಿಸಿ ನಿರುಪದ್ರವಿಯಾಗಿ ಇಟ್ಟುಕೊಳ್ಳುತ್ತದೆ. ಹೊರಗೆ ಹೋದ ಮೇಲೆಯೇ ಆ ಫಾಸ್ಫೇಟ್ ಕಳಚುವುದು.

ನಾವು ಮನುಷ್ಯರು ಈ ಎರಡರಲ್ಲಿ ಯಾರ ಹಾಗೆ? ನನ್ನ ಉತ್ತರ, ಪಿಂಪ್ರಿನಾದ ಹಾಗೆ. ಎರಿಥ್ರೊಮೈಸಿನ್ ಕೂರುವ ಜಾಗದಲ್ಲಿ ನಮ್ಮ ರೈಬೋಸೋಮಿಗೆ ಅಡೆನಿನ್ ಬದಲು ಗ್ವಾನಿನ್ ಇದೆ. ವಿಷ ನಮ್ಮ ರೈಬೋಸೋಮಿಗೆ ತಾಗುವುದಿಲ್ಲ, ತಾಗದ್ದರಿಂದಲೇ ನಮಗೆ ಎಚ್ಚರ ಹುಟ್ಟುವುದಿಲ್ಲ. ಗ್ರೀಸಿಯಸ್‌ಗೆ ಕೈತಪ್ಪಿದರೆ ಸಾವು. ನಮ್ಮ ಕೈತಪ್ಪಿದರೆ ಸಾಯುವವರು ನಾವಲ್ಲ, ಮದ್ದು ನಾಟದ ಸೋಂಕು ತಗುಲಿ ಇನ್ನೆಲ್ಲೋ ಐಸಿಯುನಲ್ಲಿ ಮಲಗಿರುವ ರೋಗಿ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳೂ ಸಾಯುತ್ತವಲ್ಲ ಎನ್ನಬಹುದು. ನಿಜ, ಆದರೆ ಆ ನಷ್ಟ ನಮಗೆ ಸಾಮಾನ್ಯವಾಗಿ ನೋವಾಗಿ ತಿಳಿಯುವುದಿಲ್ಲ.

ರೋಗಾಣುಗಳು ನಮ್ಮ ಮದ್ದಿಗೆ ಪ್ರತಿತಂತ್ರ ಕಲಿತವು ಎಂದು ದೂರುತ್ತೇವೆ. ಅರ್ಧ ಮಾತ್ರ ಸರಿ. ಕೆನಡಾದ ಯೂಕಾನ್‌ನ 30,000 ವರ್ಷ ಹಳೆಯ ಹೆಪ್ಪುಮಣ್ಣಿನಲ್ಲೂ ನಿರೋಧಕ ಜೀನ್‌ಗಳಿದ್ದುದು 2011ರಲ್ಲಿ ಪ್ರಕಟವಾಯಿತು. ಮೀಥೈಲ್ ಅಂಟಿಸುವ ಜೀನ್‌ನ ಸೋದರ ಜೀನ್‌ಗಳು ಇಂದು ಸ್ಟ್ಯಾಫಿಲೊಕಾಕಸ್ ಎಂಬ ರೋಗಾಣುವಿನಲ್ಲೂ ಇವೆ. ವಿಷ ಇರುವಲ್ಲಿ ಗುರಾಣಿಯೂ ಮೊದಲಿನಿಂದ ಇತ್ತು. ಅದಕ್ಕೆ ಊರೂರು ಸುತ್ತುವ ಕಾರಣ ಒದಗಿಸಿದ್ದು ನಮ್ಮ ಬಳಕೆ.

ಡಬ್ಬಿಯಲ್ಲುಳಿದ ಆ ಮಾತ್ರೆಯನ್ನು ನೆಗಡಿಗೆಂದು ನುಂಗಬೇಡಿ, ಪಕ್ಕದ ಮನೆಯವರಿಗೂ ಕೊಡಬೇಡಿ. ನೆಗಡಿ ತರುವುದು ವೈರಸ್. ಅದಕ್ಕೆ ರೈಬೋಸೋಮೇ ಇಲ್ಲ.